ಕಾಣುವ ಪೊಲೀಸರು, ಗುರುತಿರುವ ಪೊಲೀಸರು

ಬಡಾವಣೆಯಲ್ಲಿ ಒಂದು ಸರಗಳ್ಳತನವೋ ಬೀಗ ಹಾಕಿದ ಮನೆಯ ಕಳವೋ ನಡೆದರೆ ಸಾಕು, ಮಾರನೆಯ ದಿನವೇ ನಿವಾಸಿಗಳ ಸಂಘದವರು ಮನವಿಪತ್ರ ಹಿಡಿದು ಠಾಣೆಗೆ ಹೋಗುತ್ತಾರೆ. ಕಳ್ಳನನ್ನು ಬೇಗ ಹಿಡಿಯಿರಿ ಎಂಬ ಸಾಲಿಗಿಂತ ಮೇಲೆ ಅದರಲ್ಲಿ ಇನ್ನೊಂದು ಸಾಲು ಇರುತ್ತದೆ: ನಮ್ಮ ರಸ್ತೆಗಳಲ್ಲಿ ಪೊಲೀಸ್ ಗಸ್ತು ಹೆಚ್ಚಿಸಬೇಕು. ಇನ್‌ಸ್ಪೆಕ್ಟರ್ ಒಪ್ಪಿಕೊಳ್ಳುತ್ತಾರೆ. ಹದಿನೈದು ದಿನ ಹೊಯ್ಸಳ ವಾಹನ ದೀಪ ಮಿನುಗಿಸುತ್ತ ಎರಡು ಸುತ್ತು ಜಾಸ್ತಿ ಬರುತ್ತದೆ. ಅಷ್ಟರಲ್ಲಿ ಗಣೇಶ ವಿಸರ್ಜನೆಯೋ ಮಂತ್ರಿಗಳ ಪ್ರವಾಸವೋ ಎದುರಾಗಿ ವಾಹನ ಅತ್ತ ಹೋಗುತ್ತದೆ. ಅದು ಬರುವುದು ನಿಂತಿದ್ದು ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಬರುತ್ತಿದ್ದಾಗಲಾದರೂ ಎಷ್ಟು ಜನ ಗಮನಿಸಿದ್ದರು ಎಂದು ಕೇಳಿದರೆ ಉತ್ತರ ಸುಲಭವಿಲ್ಲ.

ಈ ಬೇಡಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಮನೆಗೆ ನಡೆದು ಬರುವ ಹೆಣ್ಣುಮಗಳಿಗೆ, ಮಕ್ಕಳು ಪರದೇಶದಲ್ಲಿರುವ ವೃದ್ಧ ದಂಪತಿಗೆ, ಹತ್ತು ಗಂಟೆಗೆ ಗಲ್ಲಾ ಎಣಿಸಿ ಬಾಗಿಲು ಹಾಕುವ ಕಿರಾಣಿ ಅಂಗಡಿಯವನಿಗೆ ಖಾಕಿ ಕಣ್ಣಿಗೆ ಬಿದ್ದರೆ ಧೈರ್ಯ ಬರುತ್ತದೆ. ಆದರೆ ಪೊಲೀಸರು ಕಾಣಿಸಿಕೊಂಡರೆ ಜನರ ವಿಶ್ವಾಸ ತಾನಾಗಿ ಹೆಚ್ಚುತ್ತದೆ ಎಂಬ ನಂಬಿಕೆ ಮಾತ್ರ ಪರೀಕ್ಷೆಗೆ ನಿಲ್ಲುವುದಿಲ್ಲ. ವಾಹನ ಹಾದುಹೋದದ್ದರಿಂದ ವಿಶ್ವಾಸ ಬೆಳೆಯುವುದು ಅಪರೂಪ. ನಮ್ಮ ಬೀದಿಯ ಪೊಲೀಸಿನವನು ಯಾರು, ಅವನ ಹೆಸರೇನು, ಕರೆದರೆ ಬರುತ್ತಾನೆಯೇ, ತಪ್ಪು ಮಾಡಿದರೆ ನಾವು ಅವನ ಮೇಲೆ ದೂರು ಕೊಡಬಹುದೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಲ್ಲಿ ಅದು ಬೆಳೆಯುತ್ತದೆ. ಈ ಉತ್ತರಗಳಿಲ್ಲದೆ ಖಾಕಿಯನ್ನು ಎಷ್ಟು ಕಾಣಿಸಿದರೂ ಉಪಯೋಗ ಕಡಿಮೆ, ಕೆಲವರ ಪಾಲಿಗೆ ಅಪಾಯವೇ ಹೆಚ್ಚು.

ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972ರ ಅಕ್ಟೋಬರ್‌ನಿಂದ ಒಂದು ವರ್ಷ ನಡೆದ ಪ್ರಯೋಗದಿಂದ ಈ ಚರ್ಚೆ ಶುರುಮಾಡುವುದು ಒಳ್ಳೆಯದು. ನಗರದ ದಕ್ಷಿಣ ಭಾಗದ 15 ಬೀಟ್‌ಗಳನ್ನು ಐದೈದರ ಮೂರು ಗುಂಪು ಮಾಡಿದರು. ಮೊದಲ ಗುಂಪಿನಲ್ಲಿ ಗಸ್ತು ವಾಹನವನ್ನೇ ತೆಗೆದುಹಾಕಿದರು, ಯಾರಾದರೂ ಕರೆದರೆ ಮಾತ್ರ ಪೊಲೀಸರು ಒಳಗೆ ಬರುತ್ತಿದ್ದರು. ಎರಡನೆಯದರಲ್ಲಿ ಎಂದಿನ ಗಸ್ತು. ಮೂರನೆಯದರಲ್ಲಿ ಎರಡು ಮೂರು ಪಟ್ಟು ಹೆಚ್ಚಿನ ಗಸ್ತು. ವರ್ಷದ ಕೊನೆಗೆ ನೋಡಿದರೆ ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಜನರ ಭಯದಲ್ಲಿಯೂ ಇರಲಿಲ್ಲ, ಪೊಲೀಸರ ಬಗೆಗಿನ ಸಮಾಧಾನದಲ್ಲಿಯೂ ಇರಲಿಲ್ಲ. ಗಸ್ತನ್ನು ಹೆಚ್ಚಿಸಿದ್ದು, ತೆಗೆದದ್ದು ಎರಡೂ ಜನರ ಅನುಭವಕ್ಕೇ ಬಂದಿರಲಿಲ್ಲ. ಗಸ್ತು ವಾಹನದ ಮೇಲೆ ಕೋಟಿಗಟ್ಟಲೆ ಸುರಿಯುತ್ತಿದ್ದ ಪೊಲೀಸ್ ಇಲಾಖೆಗಳಿಗೆ ಇದು ದೊಡ್ಡ ಪೆಟ್ಟು.

ಆದರೆ ಅದೇ ದೇಶದ ನ್ಯೂಜೆರ್ಸಿ ರಾಜ್ಯದ ನ್ಯೂಅರ್ಕ್ ನಗರದಲ್ಲಿ 1978-79ರಲ್ಲಿ ಕಾಲ್ನಡಿಗೆ ಗಸ್ತನ್ನು ಪರೀಕ್ಷಿಸಿದಾಗ ಬೇರೆಯೇ ಫಲ ಬಂತು. ಅಪರಾಧ ಇಲ್ಲೂ ಇಳಿಯಲಿಲ್ಲ. ಆದರೆ ನಡೆದು ಗಸ್ತು ತಿರುಗುವ ಪೊಲೀಸರಿದ್ದ ಬೀದಿಗಳ ಜನ ತಮ್ಮ ಕೇರಿ ಮೊದಲಿಗಿಂತ ಸುರಕ್ಷಿತ ಎಂದರು, ಪೊಲೀಸರ ಬಗ್ಗೆ ಒಳ್ಳೆಯ ಮಾತಾಡಿದರು, ಸಂಜೆ ಹೊರಗೆ ಬರತೊಡಗಿದರು. ಮಿಷಿಗನ್‌ನ ಫ್ಲಿಂಟ್ ಎಂಬ ಊರಿನಲ್ಲಿ 1979ರಲ್ಲಿ ಶುರುವಾದ ಇಂಥದೇ ಕಾಲ್ನಡಿಗೆ ಗಸ್ತನ್ನು ಉಳಿಸಿಕೊಳ್ಳುವುದಕ್ಕಾಗಿ 1982ರಲ್ಲಿ ಜನ ಮತ ಹಾಕಿ ತಮ್ಮ ಮೇಲೆ ತಾವೇ ಹೆಚ್ಚುವರಿ ತೆರಿಗೆ ಹೇರಿಕೊಂಡರು. ಕಾರು ಕಾರ್ಖಾನೆಗಳಲ್ಲಿ ಕೆಲಸ ಹೋಗಿ ನಿರುದ್ಯೋಗದಲ್ಲಿ ನರಳುತ್ತಿದ್ದ ಊರು ಅದು. ಬಡತನದ ಕಾಲದಲ್ಲಿ ಜೇಬಿನಿಂದ ಹಣ ಕೊಟ್ಟು ಉಳಿಸಿಕೊಳ್ಳುವಷ್ಟು ಬೆಲೆ ಒಬ್ಬ ನಡೆದಾಡುವ ಪೊಲೀಸಿಗೆ ಇದೆ ಎಂದು ಅವರು ತೀರ್ಮಾನಿಸಿದ್ದರು.

ಅಪರಾಧ ಇಳಿಯದಿದ್ದರೂ ಸುರಕ್ಷಿತ ಎಂದುಕೊಂಡ ಜನ ಮೋಸ ಹೋದರೇ? ನ್ಯೂಅರ್ಕ್‌ನ ಅಧ್ಯಯನದಲ್ಲಿದ್ದ ಜಾರ್ಜ್ ಕೆಲ್ಲಿಂಗ್, ರಾಜ್ಯಶಾಸ್ತ್ರಜ್ಞ ಜೇಮ್ಸ್ ವಿಲ್ಸನ್ ಜೊತೆ ಸೇರಿ 1982ರಲ್ಲಿ ಇದಕ್ಕೆ ಇಲ್ಲ ಎಂದು ಉತ್ತರಿಸಿದರು. ಜನ ಹೆದರುವುದು ದರೋಡೆಗೆ ಮಾತ್ರವಲ್ಲ. ಮೂಲೆಯಲ್ಲಿ ಕುಡಿದು ಬೀಳುವವರು, ದಾರಿಗಡ್ಡವಾಗಿ ನಿಂತು ಚುಡಾಯಿಸುವ ಹುಡುಗರು, ಆರಿಹೋದ ಬೀದಿದೀಪ, ಇವೂ ಭಯ ಹುಟ್ಟಿಸುತ್ತವೆ. ನಡೆದಾಡುವ ಪೊಲೀಸು ಇವನ್ನು ಮಾತಿನಲ್ಲೇ ಹದ್ದುಬಸ್ತಿನಲ್ಲಿಡುತ್ತಾನೆ. ಇಲ್ಲಿಯವರೆಗೆ ನನಗೂ ಒಪ್ಪಿಗೆ. ಆದರೆ ಈ ವಿಚಾರವನ್ನು ಹಿಡಿದು ಮುಂದೆ ನ್ಯೂಯಾರ್ಕ್ ನಗರ ಹೋದ ದಾರಿ ಬೇರೆ. ಸಣ್ಣ ತಪ್ಪಿಗೂ ಬಂಧನ, ಅನುಮಾನ ಬಂದವರನ್ನೆಲ್ಲ ನಿಲ್ಲಿಸಿ ಮೈ ತಡವಿ ತಪಾಸಣೆ. 2011 ಒಂದೇ ವರ್ಷದಲ್ಲಿ 6 ಲಕ್ಷ 85 ಸಾವಿರ ಬಾರಿ ಜನರನ್ನು ಹೀಗೆ ತಡೆದರು. ತಡೆಸಿಕೊಂಡವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೋ ಯುವಕರು. ಹತ್ತರಲ್ಲಿ ಸುಮಾರು ಒಂಬತ್ತು ಸಲ ಬಂಧನವೂ ಇಲ್ಲ, ದಂಡವೂ ಇಲ್ಲ. 2013ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಈ ಪದ್ಧತಿ ನಡೆದ ರೀತಿ ಸಂವಿಧಾನಕ್ಕೆ ವಿರುದ್ಧ ಎಂದಿತು. ಪೊಲೀಸರು ಆ ಯುವಕರ ಕೇರಿಗಳಲ್ಲಿ ಕಂಡಷ್ಟು ಬೇರೆಲ್ಲೂ ಕಂಡಿರಲಿಲ್ಲ. ವಿಶ್ವಾಸ ಅತಿ ಹೆಚ್ಚು ಕೆಟ್ಟದ್ದೂ ಅಲ್ಲೇ.

ನಮ್ಮ ಊರುಗಳಲ್ಲಿ ಗಸ್ತು ಹೇಗೆ ನಡೆಯುತ್ತದೆ ನೋಡಿ. ದೇವಸ್ಥಾನದ ಗೇಟಿಗೋ ಬ್ಯಾಂಕಿನ ಕಿಟಕಿಗೋ ನಿವೃತ್ತ ಮೇಷ್ಟರ ಮನೆಯ ಕಾಂಪೌಂಡಿಗೋ ಒಂದು ಸಣ್ಣ ಪೆಟ್ಟಿಗೆ, ಅದರೊಳಗೆ ಪಾಯಿಂಟ್ ಬುಕ್. ನಡುರಾತ್ರಿ ಎರಡು ಗಂಟೆಗೆ ಬೈಕಿನಲ್ಲಿ ಬರುವ ಪೇದೆ ಟಾರ್ಚ್ ಹಿಡಿದು ತಾರೀಕು, ವೇಳೆ ಬರೆದು ರುಜು ಹಾಕಿ ಮುಂದಿನ ಪಾಯಿಂಟಿಗೆ ಹೋಗುತ್ತಾನೆ. ಈಗ ಹಲವು ಕಡೆ ಪುಸ್ತಕದ ಬದಲು ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಇದೆ. ಮೊಬೈಲ್ ಹಿಡಿದರೆ ಅವನು ಬಂದದ್ದು ಮೇಲಿನವರಿಗೆ ಗೊತ್ತಾಗುತ್ತದೆ. ಪೇದೆ ಬಂದಿದ್ದನೆಂದು ಇಲಾಖೆಗೆ ತಿಳಿಯುವ ವ್ಯವಸ್ಥೆ ಇದು, ಬೀದಿಯವರಿಗೆ ತಿಳಿಯುವುದಲ್ಲ. ಗೋಡೆಯಾಚೆ ನಿದ್ದೆ ಮಾಡುವವರಿಗೆ ಅವನ ಮುಖ ಗೊತ್ತಿಲ್ಲ. ಚಳಿಯಲ್ಲಿ, ಮಳೆಯಲ್ಲಿ ಮೂವತ್ತು ಪಾಯಿಂಟ್ ಮುಗಿಸುವ ಆ ಮನುಷ್ಯನ ಶ್ರಮ ದೊಡ್ಡದು. ಆದರೆ ಅವನು ಮೇಲಿನವರಿಗಷ್ಟೇ ಕಾಣುತ್ತಾನೆ, ಕೇರಿಗೆ ಕಾಣುವುದಿಲ್ಲ. ಮಧ್ಯಮ ವರ್ಗದ ಎಷ್ಟೋ ಮನೆಗಳಿಗೆ ಪೊಲೀಸರು ಬಾಗಿಲಿಗೆ ಬರುವುದು ಪಾಸ್‌ಪೋರ್ಟ್ ವಿಚಾರಣೆಗೆ ಮಾತ್ರ. ಆಗಲೂ ಅಕ್ಕಪಕ್ಕದವರು ಬಾಗಿಲು ಸಂದಿಯಿಂದ ಇಣುಕಿ, ಏನಾಯ್ತು ಇವರ ಮನೇಲಿ ಎಂದು ಪಿಸುಗುಟ್ಟುತ್ತಾರೆ.

ಅದೇ ಊರಿನ ಮಾರುಕಟ್ಟೆಯ ಪಕ್ಕ ಸೊಪ್ಪಿನ ಬುಟ್ಟಿ ಇಟ್ಟು ಕೂತವಳಿಗೆ ಪೊಲೀಸರು ಅಪರೂಪವಲ್ಲ, ದಿನವೂ ಕಾಣುತ್ತಾರೆ. ಜೀಪಿನ ಸದ್ದು ಕೇಳಿದೊಡನೆ ಸಾಲಿನ ತುದಿಯವನು ಕೂಗುತ್ತಾನೆ, ಕ್ಷಣದಲ್ಲಿ ಗೋಣಿ ಮಡಚಿ ಬುಟ್ಟಿ ತಲೆಗೇರುತ್ತದೆ. ಸಿಕ್ಕಿಬಿದ್ದರೆ, "ಐದೇ ನಿಮಿಷ ಸಾರ್, ತೆಗೀತೀನಿ ಸಾರ್." ತೂಕದ ಬಟ್ಟು ಜೀಪಿಗೆ ಹೋದರೆ ಅವತ್ತಿನ ವ್ಯಾಪಾರ ಮುಗಿಯಿತು. 2014ರಲ್ಲಿ ಬೀದಿ ವ್ಯಾಪಾರಿಗಳಿಗೆಂದೇ ಸಂಸತ್ತು ಕಾಯ್ದೆ ಮಾಡಿದೆ, ಗುರುತಿನ ಚೀಟಿಯೂ ಅವಳ ಸೆರಗಿನ ಗಂಟಿನಲ್ಲಿದೆ. ಆದರೂ ಖಾಕಿ ಕಂಡರೆ ಅವಳ ಎದೆ ಝಲ್ ಎನ್ನುತ್ತದೆ. ಬಡಾವಣೆಯವರು ಕೇಳುವ ಗಸ್ತು ಇವಳ ಪಾಲಿಗೆ ರಕ್ಷಣೆಯಾಗಿ ಬರುವುದೇ ಇಲ್ಲ. ಪೊಲೀಸರ ಕಾಣುವಿಕೆ ಎಲ್ಲರಿಗೂ ಒಂದೇ ಎಂದು ಭಾವಿಸಿ ಮಾಡುವ ಯಾವ ಯೋಜನೆಯೂ ಅರ್ಧ ಊರನ್ನು ಹೊರಗಿಟ್ಟಂತೆ. 1871ರ ಕಾಯ್ದೆಯಿಂದ ಹುಟ್ಟಿನಿಂದಲೇ ಅಪರಾಧಿಗಳೆಂದು ಹಣೆಪಟ್ಟಿ ಹಚ್ಚಿಸಿಕೊಂಡ ಸಮುದಾಯಗಳ ನೆನಪು ಇನ್ನೂ ಹಳೆಯದು, ಇನ್ನೂ ಆಳದ್ದು. 1952ರಲ್ಲಿ ಕಾಯ್ದೆ ಹೋಯಿತು. ಕಳವು ನಡೆದರೆ ಮೊದಲು ಆ ಹಟ್ಟಿಗೆ ಜೀಪು ಹೋಗುವ ಅಭ್ಯಾಸ ಮಾತ್ರ ಕಾಯ್ದೆಯ ಜೊತೆ ಹೋಗಲಿಲ್ಲ.

ಇದರ ಬೇರು ನಮ್ಮ ಪೊಲೀಸ್ ವ್ಯವಸ್ಥೆ ಹುಟ್ಟಿದ ಬಗೆಯಲ್ಲೇ ಇದೆ. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿನಲ್ಲಿ ಪೊಲೀಸ್ ಪಡೆ ಕಟ್ಟಿದಾಗ ಅಲ್ಲಿನ ಜನರಿಗಿದ್ದ ದೊಡ್ಡ ಅಂಜಿಕೆ, ಸರ್ಕಾರ ನಮ್ಮ ನಡುವೆ ಗೂಢಚಾರರನ್ನು ಬಿಡುತ್ತಿದೆ ಎಂಬುದು. ಅದಕ್ಕಾಗಿ ಪೊಲೀಸರಿಗೆ ಸೈನ್ಯದ ಕೆಂಪಿನ ಬದಲು ನೀಲಿ ಸಮವಸ್ತ್ರ ಕೊಟ್ಟರು, ಕೊರಳಪಟ್ಟಿಯ ಮೇಲೆ ನಂಬರು ಹಾಕಿದರು, ರಜೆಯಲ್ಲಿದ್ದಾಗಲೂ ಸಮವಸ್ತ್ರದಲ್ಲೇ ಇರಬೇಕು ಎಂದರು. ಕೆಲಸದ ಮೇಲಿದ್ದಾನೆಯೇ ಇಲ್ಲವೇ ಎಂದು ತಿಳಿಯಲು ತೋಳಿಗೊಂದು ಪಟ್ಟಿ. ಕಾಣಿಸಿಕೊಳ್ಳುವುದು ಅಲ್ಲಿ ಶುರುವಾದದ್ದು ಪೊಲೀಸರಿಗೆ ಹಾಕಿದ ಕಟ್ಟುಪಾಡಾಗಿ. ಜನ ಅವನನ್ನು ಗುರುತಿಸಬೇಕು, ನಂಬರು ನೆನಪಿಟ್ಟುಕೊಂಡು ದೂರು ಕೊಡಲು ಸಾಧ್ಯವಾಗಬೇಕು. ಇಂಡಿಯಾಕ್ಕೆ ಬ್ರಿಟಿಷರು ತಂದದ್ದು ಈ ಲಂಡನ್ನಿನ ಮಾದರಿಯನ್ನಲ್ಲ. 1857ರ ದಂಗೆಯ ಬೆನ್ನಿಗೆ ಬಂದ 1861ರ ಪೊಲೀಸ್ ಕಾಯ್ದೆಯ ಹಿಂದೆ ಇದ್ದದ್ದು ಐರ್ಲೆಂಡನ್ನು ಅಂಕೆಯಲ್ಲಿಡಲು ಕಟ್ಟಿದ ಸಶಸ್ತ್ರ ಪಡೆಯ ಮಾದರಿ. ಅಲ್ಲಿ ಪೊಲೀಸು ಕಾಣಿಸಬೇಕಾದದ್ದು ಆಳುವವರು ಇಲ್ಲಿದ್ದಾರೆ ಎಂದು ನೆನಪಿಸಲಿಕ್ಕೆ.

ಅದಕ್ಕೂ ಮೊದಲು ಹಳ್ಳಿಗಳಲ್ಲಿ ತಳವಾರನಿದ್ದ. ಊರಿನ ಒಳ ಹೊರಗನ್ನು ಬಲ್ಲವನು, ಯಾರ ಎತ್ತು ಯಾರ ಹೊಲಕ್ಕೆ ನುಗ್ಗಿತು ಎಂಬುದರಿಂದ ಹಿಡಿದು ಊರಿಗೆ ಹೊಸಬರು ಯಾರು ಬಂದರು ಎಂಬುದರವರೆಗೆ ತಿಳಿದವನು. ನಮ್ಮ ರಾಜ್ಯದಲ್ಲಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಇಂಥ ವಂಶಪಾರಂಪರ್ಯದ ಹುದ್ದೆಗಳು ಹೋದವು. ಹೋದದ್ದು ಸರಿಯೇ. ಜಾತಿಗೆ ಅಂಟಿದ, ಗೌಡ ಶಾನುಭೋಗರ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕಾಗಿದ್ದ ಕೆಲಸ ಅದು. ಊರಿನ ಬಲಾಢ್ಯರನ್ನು ಅವನು ಪ್ರಶ್ನಿಸುವಂತಿರಲಿಲ್ಲ. ಆದರೆ ಅವನಲ್ಲಿದ್ದ ಊರಿನ ಪರಿಚಯದ ಜಾಗವನ್ನು ಮುಂದೆ ಯಾರೂ ತುಂಬಲಿಲ್ಲ. ಹೋಬಳಿಗೊಂದರಂತೆಯೂ ಇಲ್ಲದ ಠಾಣೆಯಿಂದ ಬರುವ ಜೀಪು ಏನಾದರೂ ಆದಮೇಲೆಯೇ ಹಳ್ಳಿ ಮುಟ್ಟುತ್ತದೆ.

ಗಲಭೆ ಸೂಕ್ಷ್ಮ ಊರುಗಳಲ್ಲಿ ಖಾಕಿಯ ದೊಡ್ಡ ಪ್ರದರ್ಶನವೆಂದರೆ ಪಥಸಂಚಲನ. ಹಬ್ಬಕ್ಕೆ ಎರಡು ದಿನ ಮುಂಚೆ ಕ್ಷಿಪ್ರ ಕಾರ್ಯಪಡೆಯವರು ಹೆಲ್ಮೆಟ್ಟು, ಗುರಾಣಿ, ಬಂದೂಕು ಸಮೇತ ಮುಖ್ಯರಸ್ತೆಯಲ್ಲಿ ಸಾಲಾಗಿ ಬರುತ್ತಾರೆ. ಮರುದಿನ ಪತ್ರಿಕೆಯಲ್ಲಿ ಫೋಟೊ, ಕೆಳಗೆ "ಜನರಲ್ಲಿ ವಿಶ್ವಾಸ ಮೂಡಿಸಲು" ಎಂಬ ಒಕ್ಕಣೆ. ರಸ್ತೆಬದಿಯಲ್ಲಿ ನಿಂತು ನೋಡಿದರೆ ಬೇರೆಯದೇ ಕಾಣುತ್ತದೆ. ಬೂಟಿನ ಸದ್ದು ಹತ್ತಿರವಾಗುತ್ತಿದ್ದಂತೆ ಅಂಗಡಿಯ ಷಟರ್ ಅರ್ಧಕ್ಕೆ ಇಳಿಯುತ್ತದೆ, ತಾಯಂದಿರು ಮಕ್ಕಳನ್ನು ಒಳಗೆ ಕರೆಯುತ್ತಾರೆ, ಹೋಟೆಲಿನಲ್ಲಿ ಕೂತವರು ಫೋನ್ ತೆಗೆದು ಪಕ್ಕದ ಬೀದಿಯವರನ್ನು ಏನಾಯ್ತಂತೆ ಎಂದು ವಿಚಾರಿಸುತ್ತಾರೆ. ಕಿಡಿಗೇಡಿಗಳಿಗೆ ಎಚ್ಚರಿಕೆ ಕೊಡಲು ಇದು ಬೇಕಾಗಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಿಂದಿನ ದಿನದವರೆಗೆ ಒಬ್ಬ ಪೇದೆಯೂ ಕಾಣದಿದ್ದ ಬೀದಿಯಲ್ಲಿ ಏಕಾಏಕಿ ನೂರು ಬಂದೂಕು ಕಂಡರೆ ಸಾಮಾನ್ಯ ಮನುಷ್ಯ ಅದರಿಂದ ತಿಳಿದುಕೊಳ್ಳುವುದು ಇಲ್ಲಿ ಅಪಾಯವಿದೆ ಎಂಬುದನ್ನು. ಅಮೆರಿಕದ ಜೆರ್ಸಿ ಸಿಟಿಯ ಅಧ್ಯಯನವೊಂದರಲ್ಲೂ ಪೊಲೀಸರು ಏಕಾಏಕಿ ಬಂದು ಬಿಗಿ ಮಾಡಿದ ಜಾಗಗಳಲ್ಲಿ ಜನರ ಭಯ ಹೆಚ್ಚಿದ್ದೇ ಕಂಡುಬಂತು.

ಇದಕ್ಕೆ ಎದುರಾಗಿ ನಾನು ಯಾವಾಗಲೂ ನೆನೆಯುವುದು ಮುಂಬೈ ಪಕ್ಕದ ಭಿವಂಡಿಯನ್ನು. ಮಗ್ಗಗಳ ಊರು, 1970ರಲ್ಲಿ ಮತ್ತು 1984ರಲ್ಲಿ ಭೀಕರ ಕೋಮು ಗಲಭೆ ಕಂಡ ಊರು. 1988ರಲ್ಲಿ ಅಲ್ಲಿಗೆ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಗಲಭೆಯ ಮುನ್ನಾದಿನ ಎರಡೂ ಕಡೆಯ ಮುಖಂಡರನ್ನು ಕರೆದು ಚಹಾ ಕೊಟ್ಟು ಕಳಿಸುವ ಶಾಂತಿ ಸಭೆ ಅದಾಗಿರಲಿಲ್ಲ. ಬೀದಿಬೀದಿಯ ಸಾಮಾನ್ಯ ಹಿಂದೂಗಳು, ಮುಸ್ಲಿಮರು ಆ ಭಾಗದ ಹೊಣೆ ಹೊತ್ತ ಪೊಲೀಸರ ಜೊತೆ ವರ್ಷವಿಡೀ ಕೂತು ನಲ್ಲಿ ನೀರಿನ ಜಗಳ, ಗಂಡ ಹೆಂಡಿರ ಜಗಳ, ಅಂಗಡಿ ಮುಂದಿನ ಜಾಗದ ಜಗಳ ಬಗೆಹರಿಸಿಕೊಳ್ಳುತ್ತಿದ್ದರು. ಪರಸ್ಪರ ಹೆಸರು ಹಿಡಿದು ಕರೆಯುವಷ್ಟು ಗುರುತಾಯಿತು. 1992ರ ಡಿಸೆಂಬರಿನಲ್ಲಿ ಅಯೋಧ್ಯೆಯ ಮಸೀದಿ ಉರುಳಿ, ಆ ತಿಂಗಳೂ ಮುಂದಿನ ಜನವರಿಯಲ್ಲೂ ಮುಂಬೈ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ಕಾರಣ ಇದೊಂದೇ ಎಂದು ಹೇಳಲಾರೆ. ಆದರೆ ವದಂತಿ ಹಬ್ಬಿದಾಗ ಬೀದಿಯವರು ಫೋನ್ ಮಾಡಿ ನಿಜವೇ ಎಂದು ಕೇಳಲು ಒಬ್ಬ ಗುರುತಿನ ಪೊಲೀಸ್ ಇದ್ದ ಎಂಬುದು ಸಣ್ಣ ಸಂಗತಿಯಲ್ಲ.

2025ರ ಜೂನ್‌ನಲ್ಲಿ ನಮ್ಮ ಸರ್ಕಾರ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗಾಗಿ ಕೋಮು ಹಿಂಸೆ ತಡೆಯುವ ವಿಶೇಷ ಕಾರ್ಯಪಡೆ ಶುರುಮಾಡಿತು. ಕರಾವಳಿಯಲ್ಲಿ ಹೆಣ ಬಿದ್ದ ದಿನಗಳ ಆತಂಕ ಕಂಡವರಿಗೆ ಇದರ ಅಗತ್ಯ ಅರ್ಥವಾಗುತ್ತದೆ. ಅದರ ಮುಂದಿನ ತಿಂಗಳು ರಾಜ್ಯದಲ್ಲಿ "ಮನೆ ಮನೆಗೆ ಪೊಲೀಸ್" ಎಂಬ ಕಾರ್ಯಕ್ರಮ ಆರಂಭವಾಯಿತು. ಬೀಟ್ ಪೊಲೀಸರು ಮನೆಗೆ ಬಂದು ಮಾತಾಡಿಸಿ, ತೊಂದರೆ ಕೇಳಿ, ನಂಬರು ಕೊಟ್ಟುಹೋಗುವ ಕೆಲಸ. ಇವೆರಡರಲ್ಲಿ ನನ್ನ ಆಸೆ ಎರಡನೆಯದರ ಮೇಲೆ. ನೆರೆಯ ಕೇರಳದಲ್ಲಿ 2008ರಲ್ಲಿ ಶುರುವಾದ ಜನಮೈತ್ರಿ ಯೋಜನೆಯ ಜೀವಾಳವೂ ಬೀಟ್ ಪೊಲೀಸರ ಮನೆ ಭೇಟಿಯೇ. ಅಮೆರಿಕದ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಯಾವ ದೂರೂ ಇಲ್ಲದೆ ಸಮವಸ್ತ್ರದ ಪೊಲೀಸರು ಬಾಗಿಲು ತಟ್ಟಿ ಹತ್ತು ನಿಮಿಷ ಸೌಜನ್ಯದಿಂದ ಮಾತಾಡಿದ ಮನೆಗಳವರ ಅಭಿಪ್ರಾಯ ಸುಧಾರಿಸಿತು, ಮೂರು ವಾರದ ನಂತರವೂ ಉಳಿದಿತ್ತು. ಪೊಲೀಸರ ಬಗ್ಗೆ ಅತಿ ಕೆಟ್ಟ ಅಭಿಪ್ರಾಯವಿದ್ದವರಲ್ಲೇ ಹೆಚ್ಚು ಬದಲಾವಣೆ ಕಂಡಿತು.

ಆದರೆ ಇಷ್ಟಕ್ಕೇ ಹಿಗ್ಗುವಂತಿಲ್ಲ. ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪ್ಪೀನ್ಸ್, ಉಗಾಂಡ ಈ ಆರು ದೇಶಗಳಲ್ಲಿ ಜನಸ್ನೇಹಿ ಪೊಲೀಸ್ ವ್ಯವಸ್ಥೆಯನ್ನು ಒಂದೇ ಬಗೆಯಲ್ಲಿ ಪರೀಕ್ಷಿಸಿದ ದೊಡ್ಡ ಅಧ್ಯಯನವೊಂದು 2021ರಲ್ಲಿ ಹೊರಬಂತು. ಕಾಲ್ನಡಿಗೆ ಗಸ್ತು, ಸಭೆಗಳು, ಜನರ ಸಮಸ್ಯೆ ಆಲಿಸುವುದು ಎಲ್ಲ ಮಾಡಿದರು. ವಿಶ್ವಾಸ ಹೆಚ್ಚಲಿಲ್ಲ, ಅಪರಾಧವೂ ಇಳಿಯಲಿಲ್ಲ. ಸಂಶೋಧಕರು ಕಂಡುಕೊಂಡ ಕಾರಣಗಳನ್ನು ಓದಿದರೆ ನಮ್ಮ ಯಾವುದೋ ತಾಲ್ಲೂಕಿನ ಠಾಣೆಯ ಬಗ್ಗೆಯೇ ಬರೆದಂತಿದೆ: ಮೇಲಧಿಕಾರಿಗಳ ಬೆಂಬಲ ನಿಲ್ಲಲಿಲ್ಲ, ಪೊಲೀಸರು ಪದೇಪದೇ ಬದಲಾಗುತ್ತಿದ್ದರು, ಜನ ಹೇಳಿಕೊಂಡದ್ದಕ್ಕೆ ಸ್ಪಂದಿಸಲು ಕೈಯಲ್ಲಿ ಏನೂ ಇರಲಿಲ್ಲ. ಬಾಗಿಲಿಗೆ ಬಂದು ಕಷ್ಟ ಕೇಳಿ ಬರೆದುಕೊಂಡು ಹೋದ ಪೊಲೀಸ್ ಮತ್ತೆ ಬಾರದಿದ್ದರೆ, ಮುಂದಿನ ಸಲ ಬೇರೆ ಮುಖ ಬಂದು ಅದೇ ಪ್ರಶ್ನೆ ಕೇಳಿದರೆ, ಆ ಮನೆಯವರ ನಂಬಿಕೆ ಮೊದಲಿಗಿಂತ ಕೆಳಗೆ ಹೋಗುತ್ತದೆ. ಏನೂ ಕೇಳದೆ ಇದ್ದಿದ್ದರೆ ಅಷ್ಟಾದರೂ ಉಳಿಯುತ್ತಿತ್ತು.

ರಾಜಸ್ಥಾನದಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಪೊಲೀಸ್ ಇಲಾಖೆಯ ಜೊತೆ ಸೇರಿ ನಡೆಸಿದ ಪ್ರಯೋಗವೂ ಇದನ್ನೇ ಹೇಳುತ್ತದೆ. ಠಾಣೆಗಳಲ್ಲಿ ಊರಿನವರನ್ನು ವೀಕ್ಷಕರಾಗಿ ಕೂರಿಸುವುದು, ವಾರದ ರಜೆ, ಸೌಜನ್ಯ ಹಾಗೂ ತನಿಖೆಯ ತರಬೇತಿ, ವರ್ಗಾವಣೆಗೆ ತಡೆ ಹೀಗೆ ಹಲವು ಕ್ರಮಗಳನ್ನು ಹಾಕಿ ನೋಡಿದರು. ವೀಕ್ಷಕರು, ವಾರದ ರಜೆ ಎರಡೂ ಠಾಣೆಯ ಮಟ್ಟದಲ್ಲೇ ಸೊರಗಿಹೋದವು. ದೂರುದಾರರ ಸಮಾಧಾನ ಹೆಚ್ಚಿದ್ದು ತರಬೇತಿ ಕೊಟ್ಟು, ವರ್ಗಾವಣೆ ನಿಲ್ಲಿಸಿದ ಕಡೆ. ಇದ್ದವರಿಗೆ ಕಲಿಸಿ ಇದ್ದಲ್ಲೇ ಬಿಟ್ಟರು, ಅಷ್ಟೇ. ಅದಕ್ಕೆ ಹೊಸ ವಾಹನವೂ ಬೇಕಿಲ್ಲ, ಹೊಸ ಆ್ಯಪ್ ಕೂಡ ಬೇಕಿಲ್ಲ.

ಕರ್ನಾಟಕದಲ್ಲಿ 2017ರಲ್ಲಿ ಹೊಸ ಬೀಟ್ ವ್ಯವಸ್ಥೆ ತಂದಾಗ ಯೋಚನೆ ಸರಿಯಾಗಿಯೇ ಇತ್ತು. ಠಾಣೆಯ ವ್ಯಾಪ್ತಿಯನ್ನು ಸಣ್ಣ ಸಣ್ಣ ಬೀಟ್‌ಗಳಾಗಿ ಹಂಚಿ ಒಂದೊಂದಕ್ಕೆ ಒಬ್ಬ ಕಾನ್‌ಸ್ಟೆಬಲ್ ಅಥವಾ ಹೆಡ್ ಕಾನ್‌ಸ್ಟೆಬಲ್ ಹೊಣೆಗಾರ, ಜೊತೆಗೆ ಆ ಭಾಗದ ನಾಗರಿಕ ಸದಸ್ಯರು. ಕೆಲವು ಕಡೆ ಇದು ಚೆನ್ನಾಗಿ ನಡೆದದ್ದನ್ನು ಕಂಡಿದ್ದೇನೆ. ಒಂಟಿಯಾಗಿರುವ ಅಜ್ಜಿಯ ಗೇಟಿನ ಬಳಿ ಬೈಕ್ ನಿಲ್ಲಿಸಿ, "ಅಜ್ಜಿ, ಮಗ ಫೋನ್ ಮಾಡಿದ್ನಾ? ಗ್ಯಾಸಿನವನ ಹೆಸರು ಹೇಳ್ಕೊಂಡು ಯಾರಾದ್ರೂ ಬಂದ್ರೆ ನಂಗೊಂದು ಫೋನ್ ಹಾಕಿ" ಎಂದು ಹೇಳಿಹೋಗುವ ಪೇದೆ. ಅಜ್ಜಿ ಅವನ ನಂಬರನ್ನು ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿಕೊಂಡಿದ್ದರು. ಒಂದೂವರೆ ನಿಮಿಷದ ಮಾತು ಅದು. ಆದರೆ ಹೆಚ್ಚಿನ ಕಡೆ ಬೀಟ್ ಎಂಬುದು ವಾಟ್ಸ್ಆ್ಯಪ್ ಗುಂಪಾಗಿ ಉಳಿಯಿತು. ಹಬ್ಬದ ಶುಭಾಶಯ, ಸೈಬರ್ ವಂಚನೆಯ ಎಚ್ಚರಿಕೆ, ಸಾಹೇಬರ ಫೋಟೊ ಬರುತ್ತವೆ. ಬೀದಿದೀಪ ಕೆಟ್ಟಿದೆ ಎಂದು ಹಾಕಿದ ಸಂದೇಶಕ್ಕೆ ಒಂದು ಹೆಬ್ಬೆರಳು.

ಬೀಟ್ ಪೊಲೀಸ್ ಬೀಟ್‌ನಲ್ಲಿ ಇಲ್ಲದಿರುವುದಕ್ಕೆ ಅವನನ್ನು ದೂರುವುದು ಅನ್ಯಾಯ. ಬೆಳಿಗ್ಗೆ ಕೋರ್ಟ್ ಡ್ಯೂಟಿ, ಸಮನ್ಸ್ ಜಾರಿ, ಮಧ್ಯಾಹ್ನ ಗಣ್ಯರ ಬಂದೋಬಸ್ತ್, ಸಂಜೆ ಪ್ರತಿಭಟನೆ, ಮಧ್ಯೆ ಓಓಡಿ, ಅಂದರೆ ಅನ್ಯ ಕರ್ತವ್ಯ, ಎಂದು ಬೇರೆ ಜಿಲ್ಲೆಗೆ ವಾರಗಟ್ಟಲೆ. ಇಷ್ಟರ ನಡುವೆ ಉಳಿದ ಹೊತ್ತು ಬೀಟ್‌ಗೆ. 2016ರಲ್ಲಿ ನಮ್ಮ ರಾಜ್ಯದ ಪೊಲೀಸರು ಸಾಮೂಹಿಕ ರಜೆಗೆ ಮುಂದಾದಾಗ ಅವರ ಬೇಡಿಕೆಗಳಲ್ಲಿ ಸಂಬಳದ ಜೊತೆ ರಜೆ, ಕೆಲಸದ ಅವಧಿ, ಮೇಲಿನವರ ನಡವಳಿಕೆ ಇದ್ದವು. ತನ್ನ ಮೇಲಧಿಕಾರಿಯಿಂದ ದಿನವೂ ಏಕವಚನದಲ್ಲಿ ಬೈಸಿಕೊಳ್ಳುವವನು ಸೊಪ್ಪಿನವಳನ್ನು ಬಹುವಚನದಲ್ಲಿ ಮಾತಾಡಿಸಲಿ ಎಂದು ನಾವು ಬಯಸುತ್ತೇವೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಡಿಜಿಪಿಯಿಂದ ಹಿಡಿದು ಠಾಣಾಧಿಕಾರಿಯವರೆಗೆ ಕನಿಷ್ಠ 2 ವರ್ಷದ ಅವಧಿ ಇರಬೇಕೆಂದು ಹೇಳಿತು. ಆ ಭದ್ರತೆ ಬೀಟ್‌ನ ಪೇದೆಗೂ ಬರಬೇಕು. ಠಾಣೆಯಲ್ಲಿ ಅವನು ಎಷ್ಟು ವರ್ಷ ಇದ್ದ ಎಂಬುದು ನನ್ನ ಪ್ರಶ್ನೆಯಲ್ಲ, ಒಂದೇ ಬೀಟ್‌ನಲ್ಲಿ ಎಷ್ಟು ಕಾಲ ಇದ್ದ, ಅದರಲ್ಲಿ ಎಷ್ಟು ದಿನ ಬೇರೆ ಕೆಲಸಕ್ಕೆ ಎಳೆಯದೆ ಬಿಟ್ಟರು ಎಂಬುದು.

ಹಾಗೆ ಒಂದೇ ಕಡೆ ಬೇರುಬಿಟ್ಟರೆ ಮಾಮೂಲಿಗೆ ದಾರಿಯಾಗುತ್ತದೆ ಎನ್ನುವವರಿದ್ದಾರೆ. ಆಕ್ಷೇಪಣೆ ಬಲವಾದದ್ದೇ. ಬಾರಿನವನ ಜೊತೆ, ಮರಳಿನವನ ಜೊತೆ, ಊರಿನ ಬಲಾಢ್ಯನ ಜೊತೆ ಗುರುತಾದರೆ ತಳವಾರನ ಹಳೆಯ ಕಟ್ಟು ಮತ್ತೆ ಬಂದಂತೆ. ಆದರೆ ಅಪರಿಚಿತನಾಗಿರುವುದು ಲಂಚಕ್ಕೆ ತಡೆಯಲ್ಲ ಎಂಬುದನ್ನು ಹೆದ್ದಾರಿಯಲ್ಲಿ ಲಾರಿ ಓಡಿಸುವ ಯಾರನ್ನಾದರೂ ಕೇಳಿ. ತಡೆ ಇರುವುದು ಜನರೂ ಅವನನ್ನು ಗುರುತಿಸಿ ಪ್ರಶ್ನಿಸುವಂತಿರುವಲ್ಲಿ. ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್, ಬಂಧಿಸಲು ಬರುವ ಪೊಲೀಸರು ಸ್ಪಷ್ಟವಾಗಿ ಕಾಣುವ ನಾಮಫಲಕ ಧರಿಸಿರಬೇಕು ಎಂದಿತು. ಈಗಿನ ಕಾನೂನಿನಲ್ಲೂ ಅದು ಇದೆ. ರಾತ್ರಿ ಮನೆ ಬಾಗಿಲು ಬಡಿಯುವ ಮಫ್ತಿಯವರ ಎದೆಯ ಮೇಲೆ ಆ ಫಲಕ ಎಷ್ಟು ಸಲ ಇರುತ್ತದೆ? ಬೆಂಗಳೂರಿನ ಬೀದಿಗಳಲ್ಲಿ ಸೇಫ್ ಸಿಟಿ ಯೋಜನೆಯಡಿ 7 ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಹಾಕಿ ನಮ್ಮನ್ನು ನೋಡುತ್ತಿದ್ದಾರೆ. ಠಾಣೆಗಳ ಒಳಗೆಲ್ಲ ಕ್ಯಾಮೆರಾ ಇರಲೇಬೇಕೆಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಆದೇಶಿಸಿದೆ. ಬೀದಿಯ ಕ್ಯಾಮೆರಾಗಳಿಗೆ ತೋರಿದ ಉತ್ಸಾಹವನ್ನು ಲಾಕಪ್ ಎದುರಿನ ಕ್ಯಾಮೆರಾಕ್ಕೂ ತೋರಿದರೆ ಮಾತ್ರ, ಕಾಣುವುದು ಎರಡೂ ಕಡೆಯ ಮಾತು ಎಂದು ಜನ ನಂಬಿಯಾರು.

ಇನ್ನೊಂದು ವಾದ ಲೆಕ್ಕದ್ದು. ಇರುವ ಕಡಿಮೆ ಸಿಬ್ಬಂದಿಯನ್ನು ಕೇರಿಕೇರಿಗೆ ಹಂಚುವ ಬದಲು ಅಪರಾಧ ಹೆಚ್ಚು ನಡೆಯುವ ಮೂಲೆಗಳಲ್ಲಿ ನಿಲ್ಲಿಸಿ ಎನ್ನುತ್ತಾರೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 1988-89ರಲ್ಲಿ ಅಂಥ 110 ಜಾಗಗಳನ್ನು ಆರಿಸಿ ಅರ್ಧದಲ್ಲಿ ಗಸ್ತು ಹೆಚ್ಚಿಸಿದಾಗ ಅಲ್ಲಿನ ಗಲಾಟೆ ಇಳಿಯಿತು. ಒಂದು ಕಡೆ ಹದಿನೈದು ನಿಮಿಷ ನಿಂತರೆ ಸಾಕು, ಹೆಚ್ಚು ನಿಂತರೆ ಹೆಚ್ಚು ಲಾಭವಿಲ್ಲ ಎಂದೂ ಲೆಕ್ಕ ಹಾಕಿದರು. ಬಸ್ ನಿಲ್ದಾಣ, ಬಾರ್ ಸಾಲು, ಕತ್ತಲ ಅಂಡರ್‌ಪಾಸ್‌ಗಳಿಗೆ ಇದು ಸರಿ. ಅಪರಾಧ ತಡೆಯಲು ಸಾಕಾದ ಈ ಹದಿನೈದು ನಿಮಿಷ ವಿಶ್ವಾಸಕ್ಕೆ ಸಾಲುವುದಿಲ್ಲ. ಎರಡೂ ಬೇಕು, ಎರಡಕ್ಕೂ ಮಾಡಬೇಕಾದ ಕೆಲಸ ಬೇರೆ.

ವಿಶ್ವಾಸದ ಫಲವನ್ನು ಎಲ್ಲಿ ಹುಡುಕಬೇಕು ಎಂಬುದರಲ್ಲೇ ನಾವು ಎಡವುತ್ತೇವೆ. ಮಧ್ಯಪ್ರದೇಶದ 180 ಠಾಣೆಗಳಲ್ಲಿ ಮಹಿಳಾ ಸಹಾಯ ಕೇಂದ್ರಗಳನ್ನು ಪರೀಕ್ಷಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಸಹಾಯ ಕೇಂದ್ರ ಬಂದ ಠಾಣೆಗಳಲ್ಲಿ ಹೆಣ್ಣುಮಕ್ಕಳ ದೂರಿನ ದಾಖಲಾತಿ ಹೆಚ್ಚಿತು, ಅದರಲ್ಲೂ ಮಹಿಳಾ ಅಧಿಕಾರಿ ಕೂತ ಕಡೆ ಎಫ್‌ಐಆರ್‌ಗಳು ಹೆಚ್ಚಿದವು. ಹೊಡೆತ ತಿಂದು ಸುಮ್ಮನಿದ್ದವರ ಮಾತು ಈಗ ದಾಖಲೆಗೆ ಬಂತು. ನಮ್ಮಲ್ಲೂ ಬೀಟ್ ಪೊಲೀಸ್ ಚೆನ್ನಾಗಿ ಕೆಲಸ ಮಾಡಿದರೆ ಮೊದಲ ವರ್ಷ ಆಗುವುದು ಇದೇ. ಸೈಕಲ್ ಕಳವು, ಚುಡಾಯಿಸಿದ್ದು, ಬಡ್ಡಿಯವನ ಕಿರುಕುಳ, ದಲಿತ ಕೇರಿಯವರು ಇಷ್ಟು ವರ್ಷ ನುಂಗಿಕೊಂಡ ನಿಂದನೆ ಎಲ್ಲ ಠಾಣೆಯ ಪುಸ್ತಕಕ್ಕೆ ಏರುತ್ತವೆ. ಆಗ ಮಾಸಿಕ ಅಪರಾಧ ಪರಿಶೀಲನಾ ಸಭೆಯಲ್ಲಿ ಎಸ್‌ಪಿ ಆ ಠಾಣೆಯ ಇನ್‌ಸ್ಪೆಕ್ಟರನ್ನು ಎಬ್ಬಿಸಿ ನಿಲ್ಲಿಸಿ, ಯಾಕ್ರೀ ಇಷ್ಟೊಂದು ಕೇಸು ಎಂದು ಗದರಿಸಿದರೆ ಮುಂದಿನ ತಿಂಗಳಿಂದ ದೂರು ತಂದವರನ್ನು ಬಾಗಿಲಲ್ಲೇ ರಾಜಿ ಮಾಡಿ ಕಳಿಸುತ್ತಾರೆ. ವಿಧಾನಸಭೆಯಲ್ಲಿ ವಿರೋಧ ಪಕ್ಷದವರು ಆ ಅಂಕಿ ಹಿಡಿದು ಗೃಹಮಂತ್ರಿಯ ರಾಜೀನಾಮೆ ಕೇಳಿದರೆ ಎಸ್‌ಪಿಯೂ ಗದರಿಸಲೇಬೇಕಾಗುತ್ತದೆ. ನಾವು ಬರೆಯುವವರಿಗೂ ಇದರಲ್ಲಿ ಪಾಲಿದೆ. ಜಿಲ್ಲೆಯಲ್ಲಿ ಪ್ರಕರಣಗಳು ದುಪ್ಪಟ್ಟಾದವು ಎಂದು ತಲೆಬರಹ ಕೊಡುವ ಮುನ್ನ ಆ ಠಾಣೆಯ ಬೀಟ್‌ಗಳಿಗೆ ಹೋಗಿ, ದೂರು ಕೊಟ್ಟವರು ಯಾರು, ಹಿಂದಿನ ವರ್ಷ ಇಂಥದೇ ಆದಾಗ ಯಾಕೆ ಕೊಟ್ಟಿರಲಿಲ್ಲ, ಈ ಸಲ ಯಾರ ಬಳಿ ಹೇಳಿದರು ಎಂದು ವಿಚಾರಿಸಿ ಬರೆಯಬೇಕು.